ತ್ರಿಯೇಕ ದೇವರು: ಹಂತಹಂತವಾಗಿ ತೆರೆದ ರಹಸ್ಯ

"ನಿಮಗೆ ದೇವರು ಒಬ್ಬರೋ, ಮೂವರೋ?" ರಾಯಚೂರಿನ ಶಾಲೆಯಂಗಳದಲ್ಲಿ, ಮಾನ್ವಿಯ ಸಂತೆಯಲ್ಲಿ, ದೇವದುರ್ಗದ ಬಸ್ ನಿಲ್ದಾಣದಲ್ಲಿ ನಮ್ಮ ಮಕ್ಕಳು ಈ ಪ್ರಶ್ನೆಯನ್ನು ಎದುರಿಸುವುದುಂಟು. ಕೇಳುವವರಲ್ಲಿ ಹಗೆತನವಿಲ್ಲ. ಏಕದೇವನನ್ನು ಆರಾಧಿಸುವ ಮುಸ್ಲಿಂ ಗೆಳೆಯನಿಗೆ ಅದು ಸಹಜವಾದ ಸಂದೇಹ. ತ್ರಿಮೂರ್ತಿಗಳ ಕಥೆ ಕೇಳಿ ಬೆಳೆದ ಹಿಂದೂ ಗೆಳೆಯನಾದರೋ "ನಮ್ಮಲ್ಲಿಯೂ ಮೂವರಿದ್ದಾರೆ" ಎಂದು ಆತ್ಮೀಯತೆಯಿಂದಲೇ ನುಡಿಯುತ್ತಾನೆ. ಮಗು ಮನೆಗೆ ಬಂದು ತಂದೆತಾಯಿಯರನ್ನು ಕೇಳುತ್ತದೆ. "ಅದು ರಹಸ್ಯ, ಕೇಳಬಾರದು" ಎಂದು ಬಾಯಿ ಮುಚ್ಚಿಸಿದರೆ, ಪ್ರತಿದಿನ ಶಿಲುಬೆಯ ಗುರುತು ಹಾಕಿಕೊಳ್ಳುವ ಆ ಮಗು ತಾನು ಉಚ್ಚರಿಸುವ ನಾಮದ ಅರ್ಥವನ್ನೇ ಅರಿಯದೆ ಬೆಳೆಯುತ್ತದೆ.

ರಹಸ್ಯವೆಂದರೆ ಮುಚ್ಚಿಟ್ಟ ಸಂಗತಿಯಲ್ಲ. ಮಾನವಬುದ್ಧಿ ಸ್ವಬಲದಿಂದ ತಲುಪಲಾರದ, ದೇವರೇ ಕೃಪೆಯಿಂದ ತಿಳಿಯಪಡಿಸಿದ, ತಿಳಿದಷ್ಟೂ ಮುಗಿಯದ ಸತ್ಯವೇ ರಹಸ್ಯ. ದೇವರಿದ್ದಾರೆಂಬುದನ್ನು ಸೃಷ್ಟಿಯನ್ನು ಕಂಡು ಬುದ್ಧಿಯು ಅರಿಯಬಲ್ಲದು. ದೇವರ ಅಂತರಂಗದ ಜೀವನವನ್ನಾದರೋ ಅವರೇ ತೆರೆದು ತೋರಿಸಬೇಕು. ಹಾಗೆ ತೋರಿಸಿದ್ದು ಒಂದೇ ದಿನದಲ್ಲಿ ಅಲ್ಲ.

ಹಳೆಯ ಒಡಂಬಡಿಕೆಯಲ್ಲಿ ಮೊದಲ ಪಾಠ ಒಂದೇ: ದೇವರು ಒಬ್ಬರೇ. ಸುತ್ತಲಿನ ಜನಾಂಗಗಳೆಲ್ಲ ಅನೇಕ ದೇವತೆಗಳನ್ನು ಪೂಜಿಸುತ್ತಿದ್ದ ಕಾಲದಲ್ಲಿ ಅಬ್ರಹಾಮನ ಸಂತತಿಗೆ ಈ ಅಡಿಪಾಯ ಗಟ್ಟಿಯಾಗಬೇಕಿತ್ತು. ಈಜಿಪ್ಟಿನಿಂದ ಆಗತಾನೇ ಹೊರಬಂದ ಜನರಿಗೆ ಪಿತ, ಸುತ, ಪವಿತ್ರಾತ್ಮರೆಂದು ಹೇಳಿದ್ದರೆ ಅವರು ಮೂವರು ದೇವರೆಂದೇ ತಿಳಿಯುತ್ತಿದ್ದರು. ಆದರೂ ಸೂಚನೆಗಳಿದ್ದವು: ಆದಿಯಲ್ಲಿ ಜಲರಾಶಿಯ ಮೇಲೆ ಚಲಿಸುತ್ತಿದ್ದ ದೇವರಾತ್ಮ, ಮಮ್ರೆಯಲ್ಲಿ ಅಬ್ರಹಾಮನ ಬಳಿಗೆ ಬಂದ ಮೂವರು ಅತಿಥಿಗಳು, ಸೃಷ್ಟಿಕಾರ್ಯದಲ್ಲಿ ದೇವರ ಜೊತೆಯಲ್ಲಿದ್ದ ಜ್ಞಾನ. ಅಂದಿನ ಜನ ಇವುಗಳಲ್ಲಿ ತ್ರಿತ್ವವನ್ನು ಕಾಣಲಿಲ್ಲ. ಕ್ರಿಸ್ತರ ಬೆಳಕಿನಲ್ಲಿ ಹಿಂದಿರುಗಿ ನೋಡುವ ಧರ್ಮಸಭೆ ಕಾಣುತ್ತದೆ.

ಹೊಸ ಒಡಂಬಡಿಕೆಯಲ್ಲಿ ತೆರೆ ಸರಿಯಿತು. ಜೋರ್ಡನ್ ನದಿಯಲ್ಲಿ ಸುತ ನೀರಿನಲ್ಲಿ ನಿಂತಿದ್ದಾರೆ, ಪವಿತ್ರಾತ್ಮರು ಪಾರಿವಾಳದ ರೂಪದಲ್ಲಿ ಇಳಿಯುತ್ತಾರೆ, ಪಿತನ ವಾಣಿ ಕೇಳಿಬರುತ್ತದೆ. ಕೊನೆಯ ಭೋಜನದಂದು ಯೇಸು ಪವಿತ್ರಾತ್ಮರನ್ನು ವಾಗ್ದಾನಮಾಡಿ, ಹೇಳಬೇಕಾದದ್ದು ಇನ್ನೂ ಬಹಳವಿದ್ದರೂ ಶಿಷ್ಯರು ಅದನ್ನು ಈಗ ಹೊರಲಾರರೆಂದು ತಿಳಿಸಿದರು. ಪುನರುತ್ಥಾನದ ನಂತರ ಮೂವರ ನಾಮದಲ್ಲಿ ದೀಕ್ಷಾಸ್ನಾನ ಕೊಡಬೇಕೆಂದು ಆಜ್ಞಾಪಿಸಿದರು. ನಾಮ ಒಂದೇ, ನಾಮಗಳಲ್ಲ ಎಂಬುದು ಗಮನಾರ್ಹ.

ಸುತ ಸೃಷ್ಟಿಗೆ ಸೇರಿದವರೆಂದು ಅಲೆಕ್ಸಾಂಡ್ರಿಯದ ಆರಿಯುಸ್ ಬೋಧಿಸಿದಾಗ, 325ರಲ್ಲಿ ನೈಸಿಯದ ಮಹಾಸಭೆಯು ಸುತನು ಪಿತನೊಡನೆ ಏಕಸತ್ವವುಳ್ಳವರೆಂದು ಘೋಷಿಸಿತು. 2025ರಲ್ಲಿ ಆ ಮಹಾಸಭೆಗೆ 1700 ವರ್ಷ ತುಂಬಿತು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಪವಿತ್ರಾತ್ಮರಿಗೂ ಸಮಾನ ಆರಾಧನೆ ಸಲ್ಲತಕ್ಕದ್ದೆಂದು ಸಾರಿತು. ಮಹಾಸಭೆಗಳು ಹೊಸ ದೇವರನ್ನು ಕಲ್ಪಿಸಲಿಲ್ಲ. ದೀಕ್ಷಾಸ್ನಾನದಲ್ಲಿ ಮೊದಲಿನಿಂದ ನಂಬಿಬಂದದ್ದನ್ನು ಖಚಿತವಾದ ಪದಗಳಲ್ಲಿ ಕಾಪಾಡಿದವು.

ಈ ಕ್ರಮವನ್ನು ಸೊಗಸಾಗಿ ವಿವರಿಸಿದವರು ನಾಜಿಯಾನ್ಜಸ್‌ನ ಸಂತ ಗ್ರೆಗೋರಿ. ಹಳೆಯ ಒಡಂಬಡಿಕೆ ಪಿತನನ್ನು ಸ್ಪಷ್ಟವಾಗಿ, ಸುತನನ್ನು ಮಸುಕಾಗಿ ಸಾರಿತು. ಹೊಸದು ಸುತನನ್ನು ಪ್ರಕಟಿಸಿ ಪವಿತ್ರಾತ್ಮರ ದೈವತ್ವವನ್ನು ಸೂಚಿಸಿತು. ಈಗ ಪವಿತ್ರಾತ್ಮರು ನಮ್ಮೊಳಗೆ ವಾಸಿಸಿ ತಮ್ಮನ್ನು ಇನ್ನೂ ಸ್ಪಷ್ಟವಾಗಿ ತೋರುತ್ತಾರೆ ಎಂಬುದು ಅವರ ವಿವರಣೆ. ಶಕ್ತಿ ಮೀರಿದ ಆಹಾರ ದೇಹವನ್ನು ಕೆಡಿಸುವಂತೆ, ತಾಳಲಾರದ ಬೆಳಕು ಕಣ್ಣನ್ನು ಕುಗ್ಗಿಸುವಂತೆ ಆಗಬಾರದೆಂಬುದೇ ಇದಕ್ಕೆ ಕಾರಣ. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ರೈತರಿಗೆ ಇದು ಹೊಸತಲ್ಲ. ಅಣೆಕಟ್ಟಿನ ನೀರೆಲ್ಲ ಒಮ್ಮೆಲೇ ಹೊಲಕ್ಕೆ ನುಗ್ಗಿದರೆ ಒಡ್ಡು ಒಡೆದು ಪೈರು ಕೊಚ್ಚಿಹೋಗುತ್ತದೆ. ದೊಡ್ಡ ಕಾಲುವೆಯಿಂದ ಸಣ್ಣ ಕಾಲುವೆಗೆ ಹರಿದು ಬಂದ ನೀರೇ ಬೆಳೆಯನ್ನು ಬದುಕಿಸುತ್ತದೆ.

ಉಪಮೆಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ನೀರು, ಮಂಜುಗಡ್ಡೆ, ಆವಿ ಎಂಬ ಹೋಲಿಕೆ ಮಕ್ಕಳಿಗೆ ಸುಲಭವೆನಿಸಿದರೂ ಸರಿಯಲ್ಲ. ಒಬ್ಬರೇ ಮೂರು ವೇಷ ಧರಿಸಿದ್ದಾದರೆ ಜೋರ್ಡನ್ನಿನಲ್ಲಿ ಮಾತಾಡಿದವರಾರು, ಯಾರನ್ನು ಕುರಿತು? ಸೃಷ್ಟಿ, ಸ್ಥಿತಿ, ಲಯಗಳಂತೆ ಮೂರು ಕಾರ್ಯಗಳನ್ನು ಹಂಚಿಕೊಂಡವರೆನ್ನುವುದೂ ಸಲ್ಲದು. ಮೂವರ ಕಾರ್ಯವೂ ಒಂದೇ. ಮೂರನೆಯ ಶತಮಾನದ ಆರಂಭದಲ್ಲಿ ಕಾರ್ಥೇಜಿನ ತೆರ್ತುಲಿಯನ್ ಬುಗ್ಗೆ, ನದಿ, ಕಾಲುವೆಗಳ ಹೋಲಿಕೆ ಕೊಟ್ಟರು: ಮೂರರಲ್ಲೂ ನೀರು ಒಂದೇ, ಆದರೆ ಬುಗ್ಗೆ ನದಿಯಲ್ಲ, ನದಿ ಕಾಲುವೆಯಲ್ಲ. ನಮ್ಮ ನೆಲಕ್ಕೆ ಒಪ್ಪುವ ಮಾತೇನೋ ಹೌದು. ಆದರೆ ಕಾಲುವೆ ಬತ್ತುತ್ತದೆ, ದೇವರು ಬತ್ತುವುದಿಲ್ಲ. ಹೋಲಿಕೆಯು ಅಲ್ಲಿಗೆ ನಿಲ್ಲುತ್ತದೆ.

ಇದರಿಂದ ನಮ್ಮ ಬಾಳಿಗೇನು ಪ್ರಯೋಜನ? ದೇವರು ಪ್ರೀತಿಸ್ವರೂಪರೆಂದು ನಾವು ನಂಬುತ್ತೇವೆ. ಸೃಷ್ಟಿಗೆ ಮುಂಚೆ ಅವರು ಏಕಾಂಗಿಯಾಗಿದ್ದರೆ ಪ್ರೀತಿಸಿದ್ದು ಯಾರನ್ನು? ಪಿತ ಸುತನನ್ನು ಅನಾದಿಯಿಂದ ಪ್ರೀತಿಸುತ್ತಾರೆ. ಆ ಪ್ರೀತಿಯ ಬಂಧವೇ ಪವಿತ್ರಾತ್ಮರು. ಆದ್ದರಿಂದ ಪ್ರೀತಿ ದೇವರಿಗೆ ಸೃಷ್ಟಿಯ ನಂತರ ಬಂದ ಗುಣವಲ್ಲ, ಅವರ ಸ್ವರೂಪವೇ ಅದು. ಆ ಸ್ವರೂಪದಲ್ಲಿ ಉಂಟಾದ ಮಾನವನು ಒಂಟಿಯಾಗಿ ಪೂರ್ಣನಾಗಲಾರ. ಮಾತು ನಿಂತ ಅಣ್ಣತಮ್ಮಂದಿರು, ಹೊಲದ ಬದುವಿಗಾಗಿ ಮುಖ ತಿರುಗಿಸಿಕೊಂಡ ಬಂಧುಗಳು ಈ ನಾಮವನ್ನು ಹೇಳಿಕೊಂಡೇ ಈ ನಾಮಕ್ಕೆ ದೂರವಾಗಿರುತ್ತಾರೆ.

ಆದುದರಿಂದ ತಂದೆತಾಯಂದಿರೇ, ಮಗು ಕೇಳಿದಾಗ ಧೈರ್ಯವಾಗಿ ಹೇಳಿರಿ: ದೇವರು ಒಬ್ಬರೇ, ಆ ಒಬ್ಬ ದೇವರು ಪಿತ, ಸುತ, ಪವಿತ್ರಾತ್ಮರು. ಉಳಿದುದನ್ನು ದೇವರು ಕಲಿಸಿದ ಕ್ರಮದಲ್ಲೇ, ಸ್ವಲ್ಪಸ್ವಲ್ಪವಾಗಿ ಕಲಿಸಿರಿ. ಇಂದು ರಾತ್ರಿ ಮನೆಮಂದಿಯೆಲ್ಲ ಕೂಡಿ, ಅವಸರವಿಲ್ಲದೆ ಒಮ್ಮೆ ಶಿಲುಬೆಯ ಗುರುತು ಹಾಕಿಕೊಳ್ಳಿರಿ. ತ್ರಿಯೇಕ ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.