ಶಾನುಭೋಗನಿಲ್ಲದ ಜೀವಕೋಶ

ಮಗುವಿನ ದವಡೆ ಊದಿಕೊಂಡರೆ ಹುಳುಕು ಹಲ್ಲೆಂದೋ ಮಂಗನಬಾವೆಂದೋ ನಾವು ತಿಳಿಯುವುದು ಸಹಜವೇ. 1957ರಲ್ಲಿ ಉಗಾಂಡದ ಕಂಪಾಲಾ ನಗರದಲ್ಲಿ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ಟರು ಕಂಡ ಬಾಲಕನಿಗಾದರೋ ಮೇಲಿನ ಮತ್ತು ಕೆಳಗಿನ ದವಡೆಗಳ ಎರಡು ಪಕ್ಕಗಳಲ್ಲೂ ಊತವಿತ್ತು. ಬಿಳಿಯ ರಕ್ತಕಣಗಳ ಒಂದು ಬಗೆಯಿಂದ ಹುಟ್ಟುವ ಆ ಕ್ಯಾನ್ಸರಿಗೆ ಬರ್ಕಿಟ್ ಲಿಂಫೋಮ ಎಂದೇ ಹೆಸರಾಯಿತು.

1961ರಲ್ಲಿ ಲಂಡನ್ನಿನಲ್ಲಿ ಬರ್ಕಿಟ್ಟರ ಉಪನ್ಯಾಸ ಕೇಳಿದ ಆಂಥೊನಿ ಎಪ್‌ಸ್ಟೈನರಿಗೆ ಇದರ ಹಿಂದೆ ವೈರಸ್ ಇರಬಹುದೇ ಎಂಬ ಸಂಶಯ ಹುಟ್ಟಿತು. ಗಂತಿಯ ತುಣುಕುಗಳನ್ನು ವಿಮಾನದಲ್ಲಿ ತರಿಸತೊಡಗಿದರು. 1963ರ ಡಿಸೆಂಬರಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ತಡವಾಗಿ ಕೈಸೇರಿದ ದ್ರವ ಕದಡಿತ್ತು. ಕೊಳೆತಿದೆಯೆಂದು ಚೆಲ್ಲಿಬಿಡಬಹುದಾಗಿತ್ತು! ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿಡಿಬಿಡಿಯಾಗಿ ತೇಲುವ ಜೀವಂತ ಕೋಶಗಳು. ಅವನ್ನು ಬೆಳೆಸಿ, 1964ರಲ್ಲಿ ಅವರೂ ಅಚಾಂಗ್, ಬಾರ್ ಎಂಬ ಸಹೋದ್ಯೋಗಿಗಳೂ ವೈರಸ್ಸನ್ನು ಕಂಡರು. ಅದೇ ಎಪ್‌ಸ್ಟೈನ್-ಬಾರ್ ವೈರಸ್.

ಆದರೆ ಈ ವೈರಸ್ ಲೋಕದ ವಯಸ್ಕರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿದೆ. ಪ್ರಾಯಶಃ ತಮ್ಮಲ್ಲೂ ನನ್ನಲ್ಲೂ ಉಂಟು. ಎಲ್ಲರಿಗೂ ಕ್ಯಾನ್ಸರ್ ಏಕಿಲ್ಲ?

ನಮ್ಮ ಜೀವಕೋಶದಲ್ಲಿ ಪಿ-53 ಎಂಬ ಪ್ರೋಟೀನ್ ಉಂಟು. ಲೆಕ್ಕ ಸರಿಯಿಲ್ಲದಿದ್ದರೆ ಹಾಳೆ ತಿರುವಗೊಡದ ಶಾನುಭೋಗನಂತೆ, ಕೋಶದ ಜೀನುಗಳು ಕೆಟ್ಟಿದ್ದರೆ ಅದು ಒಡೆದು ಎರಡಾಗಲು ಬಿಡದು. ತಿದ್ದಲಾಗದಷ್ಟು ಕೆಟ್ಟಿದ್ದರೆ ಕೋಶವನ್ನೇ ಸಾಯಿಸುತ್ತದೆ. ಇದರ ಜೀನು 17ನೆಯ ವರ್ಣತಂತುವಿನಲ್ಲಿದೆ: ತಾಯಿಯದೊಂದು ಪ್ರತಿ, ತಂದೆಯದೊಂದು.

ಬರ್ಕಿಟ್ ಲಿಂಫೋಮದಲ್ಲಿ ಮೊದಲು ಕೆಡುವುದು ಬೇರೊಂದು ಜೀನು. ಬೆಳವಣಿಗೆಗೆ ಅಪ್ಪಣೆ ಕೊಡುವ ‘ಮಿಕ್’ ತನ್ನ 8ನೆಯ ವರ್ಣತಂತುವನ್ನು ಬಿಟ್ಟು, ಸಾಮಾನ್ಯವಾಗಿ 14ನೆಯದಕ್ಕೆ ಅಂಟಿಕೊಂಡು ಬಿಡುವಿಲ್ಲದೆ ದುಡಿಯುತ್ತದೆ. ಪಿ-53 ನೆಟ್ಟಗಿದ್ದರೆ ಅಂಥ ಕೋಶ ಸಾಯಬೇಕು. ಅನೇಕ ಗಂತಿಗಳಲ್ಲಿ ಅದರ ಒಂದು ಪ್ರತಿ ತಪ್ಪಾಗಿರುತ್ತದೆ, ಇನ್ನೊಂದು ಕಳೆದೇಹೋಗಿರುತ್ತದೆ. ವಿಶೇಷವೆಂದರೆ, ವೈರಸ್ ಇರುವ ಗಂತಿಗಳಲ್ಲಿ ಈ ಹಾನಿ ಕಡಿಮೆ. ಕೋಶವನ್ನು ಸಾಯದಂತೆ ಕಾಯುವ ಕೆಲಸವನ್ನು ಭಾಗಶಃ ವೈರಸ್ಸೇ ವಹಿಸಿಕೊಳ್ಳುತ್ತದೆಂದು ಇದರಿಂದ ಊಹಿಸುತ್ತಾರೆ. ಆಫ್ರಿಕದ ಮಲೇರಿಯ ಸೀಮೆಗಳಲ್ಲಿ ಈ ರೋಗ ಹೆಚ್ಚು. ಆ ಜ್ವರ ಪದೇಪದೇ ಬಂದು ಇದೇ ಬಗೆಯ ಕಣಗಳನ್ನು ಕೆರಳಿಸುತ್ತದೆ.

ಈ ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟದು. ರೋಗಿ ಮಗುವನ್ನು ದೂರವಿಡಬೇಕಾಗಿಲ್ಲ. ಆದರೆ ಗಂತಿ ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲದು, ಆದ್ದರಿಂದ ದಿನದಿನಕ್ಕೆ ಬೆಳೆಯುವ ಊತಕ್ಕೆ ಲೇಪ ಹಚ್ಚುತ್ತ ಕಾಯಬೇಡಿ. ಬೇಗ ಬೆಳೆಯುವ ಕೋಶಗಳು ಔಷಧಕ್ಕೂ ಬೇಗ ಮಣಿಯುತ್ತವೆ: ಸುಸಜ್ಜಿತ ಆಸ್ಪತ್ರೆಗಳಲ್ಲಿ ಇಂದು 10 ಮಕ್ಕಳಲ್ಲಿ ಸುಮಾರು 9 ಮಂದಿ ಗುಣಹೊಂದುತ್ತಾರೆ.