ಸರಮೆಯ ಸಂತತಿಯೂ ನಮ್ಮ ಸೀಮೆಯ ಕೌಜುಗವೂ

ಬೇಟೆಯೆಂಬದು ಗುಣವೋ ದೋಷವೋ ಎಂಬ ವಾದವು ನಮ್ಮ ದೇಶದಲ್ಲಿ ಬಹು ಪುರಾತನವಾದುದು. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯ ಹೆಸರನ್ನೇ ಮೊದಲು ಹೇಳುತ್ತದೆ. ಕೌಟಿಲ್ಯನೂ ಅದನ್ನು ವ್ಯಸನಗಳಲ್ಲಿಯೇ ಸೇರಿಸಿರುವನಾದರೂ, ಅದರಿಂದ ಮೈಗೆ ವ್ಯಾಯಾಮವುಂಟು, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವುಂಟು, ಪ್ರಾಣಿಗಳ ಮನಸ್ಸನ್ನು ಅರಿಯುವ ಲಾಭವುಂಟು ಎಂದು ಒಪ್ಪಿಕೊಂಡಿರುವನು. ಕಾಳಿದಾಸನ ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಸೇನಾಪತಿಯು ಇದೇ ವಾದವನ್ನು ಎತ್ತಿ ದುಷ್ಯಂತನ ಮುಂದೆ ಬೇಟೆಯನ್ನು ಹೊಗಳಿದರೆ, ಅಡವಿಯಲ್ಲಿ ಅಲೆದು ಮೈಕೈ ನೋಯಿಸಿಕೊಂಡ ವಿದೂಷಕನು ಅವನನ್ನು ಗದರಿಸುತ್ತಾನೆ.

ನಮ್ಮ ಸೀಮೆಯೂ ಈ ವಾದಕ್ಕೆ ಹೊರತಾದುದಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಲಿನ ಬೆಟ್ಟಗಳನ್ನೇ ಜನರು ಕಿಷ್ಕಿಂಧೆಯೆಂದು ನಂಬಿರುವರು. ತನ್ನನ್ನು ಮರೆಯಿಂದ ಕೊಂದುದಕ್ಕೆ ವಾಲಿಯು ಆಕ್ಷೇಪಿಸಿದಾಗ, ಮನುಷ್ಯರು ಬಲೆಯಿಂದಲೂ ಉರುಲಿನಿಂದಲೂ ಅಡಗಿ ನಿಂತೂ ಮೃಗಗಳನ್ನು ಹಿಡಿಯುವದು ರೂಢಿಯೇ ಎಂಬ ಬೇಟೆಯ ನೀತಿಯನ್ನು ಶ್ರೀರಾಮನು ತನ್ನ ಉತ್ತರಗಳಲ್ಲಿ ಒಂದಾಗಿ ಮುಂದಿಡುವನು. ಇತ್ತ ಕೊಪ್ಪಳದ ಗವಿಮಠ ಹಾಗೂ ಪಾಲ್ಕಿಗುಂಡುಗಳಲ್ಲಿ ಅಶೋಕನ ಲಘು ಶಿಲಾಶಾಸನಗಳಿವೆ. ಆ ಅಶೋಕನೇ ತನ್ನ ಎಂಟನೆಯ ಹಿರಿಯ ಶಿಲಾಶಾಸನದಲ್ಲಿ, ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನಾದರೋ ಧರ್ಮಯಾತ್ರೆಗೆ ಹೊರಟೆನು ಎಂದು ಬರೆಯಿಸಿದನು. ಹೀಗೆ ಬೇಟೆಯ ಸಮರ್ಥನೆಯ ನೆನಪೂ ಬೇಟೆಯ ತ್ಯಾಗದ ನೆನಪೂ ಒಂದೇ ಸೀಮೆಯಲ್ಲಿ ಸೇರಿಕೊಂಡಿವೆ. ವಿಚಾರಿಸಿ ನೋಡಿದರೆ ಬೇಟೆಯಲ್ಲಿ ವ್ಯಸನವೂ ಇದೆ, ವಿದ್ಯೆಯೂ ಇದೆ. ವ್ಯಸನವನ್ನು ಬಿಟ್ಟಮೇಲೆ ಆ ವಿದ್ಯೆಯ ಗತಿಯೇನು? ನಾಯಿಯನ್ನು ಮುಂದಿಟ್ಟುಕೊಂಡು ಹೊಲದ ಹಕ್ಕಿಗಳನ್ನು ಹುಡುಕುವ ಬೇಟೆಯನ್ನು ನಿದರ್ಶನವಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ವಾಚಕರ ಮುಂದಿಡಬಯಸುವೆನು.

ಮೊದಲು ಹಕ್ಕಿಯ ಪರಿಚಯವನ್ನು ಮಾಡಿಕೊಳ್ಳೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾದ ಬಳಿಕ ಎಡದಂಡೆಯ ಕಾಲುವೆಯು ಗಂಗಾವತಿಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಕುಷ್ಟಗಿ, ಯಲಬುರ್ಗಾಗಳಾದರೋ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಗಳು. ಎರೆಯಲ್ಲಿ ಜೋಳ, ಮಸಾರಿಯಲ್ಲಿ ಸಜ್ಜೆ, ನಡುನಡುವೆ ಕಲ್ಲುಗುಡ್ಡ, ಜಾಲಿಯ ಪೊದೆ, ಹುಲ್ಲು ಬೆಳೆದ ಬದು. ಇಂಥ ನೆಲವೇ ಕೌಜುಗಕ್ಕೂ ಲಾವುಗೆಗೂ ತವರು. ಕೌಜುಗವು ಬೂದುಕಂದು ಬಣ್ಣದ, ಗಿಡ್ಡ ಬಾಲದ, ಕೋಳಿಯ ಕುಲದ ಹಕ್ಕಿ. ಕಾಳು, ಗೆದ್ದಲು, ಹುಳುಹುಪ್ಪಡಿಗಳನ್ನು ಕೆದರಿ ತಿನ್ನುವದು. ರಾತ್ರಿ ಮುಳ್ಳಿನ ಗಿಡವನ್ನೇರಿ ಕೂಡ್ರುವದು. ನೆಲದ ಮೇಲೆಯೇ ಹುಲ್ಲಿನ ಮರೆಯಲ್ಲಿ ಮೊಟ್ಟೆಯಿಟ್ಟು ಸುಮಾರು ಹದಿನೆಂಟು ಹತ್ತೊಂಬತ್ತು ದಿನ ಕಾವು ಕೊಡುವದು. ಹೊತ್ತು ಮೂಡುವಾಗ ಅದರ ಕೂಗು ಹೊಲದಿಂದ ಹೊಲಕ್ಕೆ ಹಬ್ಬುವದನ್ನು ಕೇಳದ ಒಕ್ಕಲಿಗನಿಲ್ಲ.

ಈ ಹಕ್ಕಿಗಳು ನಮ್ಮ ವಾಙ್ಮಯದಲ್ಲಿ ಪಡೆದ ಮನ್ನಣೆಯನ್ನು ಕಂಡರೆ ಆಶ್ಚರ್ಯವಾಗುತ್ತದೆ. ಸಂಸ್ಕೃತದಲ್ಲಿ ಇವುಗಳ ಕುಲಕ್ಕೆ ತಿತ್ತಿರಿ, ಕಪಿಂಜಲ ಎಂಬ ಹೆಸರುಗಳಿವೆ. ಹಿಂದಿಯ ತೀತರ ಎಂಬದು ತಿತ್ತಿರಿಯಿಂದಲೇ ಬಂದುದು. ಆ ಹೆಸರು ಕೂಗಿನ ಅನುಕರಣವೇ. ವೈಶಂಪಾಯನರ ಶಿಷ್ಯರು ತಿತ್ತಿರಿಗಳಾಗಿ, ಯಾಜ್ಞವಲ್ಕ್ಯರು ಕಾರಿದ ಯಜುಸ್ಸನ್ನು ಹೆಕ್ಕಿದರೆಂಬ ಪುರಾಣಕಥೆಯಿಂದ ಒಂದು ವೇದಶಾಖೆಗೇ ತೈತ್ತಿರೀಯವೆಂಬ ಹೆಸರು ಬಂದಿದೆ. ಋಗ್ವೇದದ ಎರಡನೆಯ ಮಂಡಲದ ಕೊನೆಯಲ್ಲಿ ಕಪಿಂಜಲವನ್ನು ಶುಭಶಕುನದ ಪಕ್ಷಿಯೆಂದು ಸ್ತುತಿಸುವ ಸೂಕ್ತಗಳಿವೆ. ಯಾಸ್ಕರು ಆ ಹೆಸರನ್ನು ಬಿಡಿಸುತ್ತ, ಮುದಿ ಕಪಿಯ ಬಣ್ಣದ್ದು, ಇಲ್ಲವೆ ತುಸು ಪಿಂಗಲವಾದುದು, ಇಲ್ಲವೆ ಇಂಪಾಗಿ ದನಿಗೈಯುವಂಥದು ಎಂದು ಬಗೆಬಗೆಯಾಗಿ ಹೇಳುವರು. ಚರಕಸಂಹಿತೆಯು ಲಾವ, ವರ್ತಕ, ಕಪಿಂಜಲಗಳನ್ನು ವಿಷ್ಕಿರಗಳೆಂಬ, ಎಂದರೆ ಕೆದರಿ ತಿನ್ನುವ ಹಕ್ಕಿಗಳ ಗುಂಪಿನಲ್ಲಿ ಸೇರಿಸಿದೆ. ಹೆಸರಿಡುವ ಮೊದಲು ಹಕ್ಕಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದರೆಂಬದು ಇದರಿಂದಲೇ ತಿಳಿಯುವದು.

ಇನ್ನು ನಾಯಿ. ಸಂಸ್ಕೃತದಲ್ಲಿ ನಾಯಿಗೆ ಸಾರಮೇಯವೆಂಬ ಹೆಸರುಂಟು. ಸರಮೆಯ ಸಂತತಿಯೆಂದು ಅದರ ಅರ್ಥ. ಪಣಿಗಳು ಕದ್ದು ಬಚ್ಚಿಟ್ಟ ಆಕಳುಗಳನ್ನು ಹುಡುಕುತ್ತ ಇಂದ್ರನ ದೂತಿಯಾದ ಸರಮೆಯು ರಸಾನದಿಯನ್ನು ದಾಟಿ ಹೋದಳು. ಪಣಿಗಳು ಅವಳನ್ನು ತಂಗಿಯೆಂದು ಕರೆದು, ಆಕಳುಗಳಲ್ಲಿ ಪಾಲು ಕೊಡುವೆವೆಂದು ಆಸೆ ತೋರಿಸಿದರೂ ಅವಳು ಒಪ್ಪಲಿಲ್ಲ. ಇದು ಋಗ್ವೇದದ ಹತ್ತನೆಯ ಮಂಡಲದಲ್ಲಿ ಸಂವಾದರೂಪವಾಗಿ ಬಂದಿದೆ. ಇಲ್ಲಿ ಗಮನಿಸತಕ್ಕ ಮಾತೊಂದುಂಟು: ಸರಮೆಯ ಕೆಲಸವು ಕಚ್ಚುವದಲ್ಲ, ಕೊಲ್ಲುವದಲ್ಲ; ಇರುವ ಎಡೆಯನ್ನು ಕಂಡುಹಿಡಿದು ಒಡೆಯನಿಗೆ ತಿಳಿಸುವದು.

ಕನ್ನಡನಾಡಿನ ಬೇಟೆನಾಯಿಗಳಾದರೋ ಹೆಚ್ಚಾಗಿ ಬೇರೆ ಗುಣದವು. ಕ್ರಿ. ಶ. 949ರ ಆತಕೂರಿನ ಶಾಸನದಲ್ಲಿ, ಗಂಗ ಬೂತುಗನಿಂದ ಮಣಲೇರನು ಕೇಳಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯಿದೆ. ಅದು ಕಾದುವ ನಾಯಿ. ನಮಗೆ ನೆರೆಯದಾದ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯು ಕಣ್ಣಿನಿಂದ ಕಂಡು ಗಾಳಿಯಂತೆ ಓಡಿ ಮೊಲವನ್ನು ಹಿಡಿಯುವ ಜಾತಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದು, 2016ರಲ್ಲಿ ಸೈನ್ಯದ ತರಬೇತಿಗೂ ಸೇರಿತು. ಇಟಗಿಯ ಮಹಾದೇವಾಲಯವು 1112ರಲ್ಲಿ ಎದ್ದ ಕಾಲದ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವರ್ಣಿಸಿರುವನು. ಅವುಗಳಲ್ಲಿ ನಾಯಿಗಳ ವಿನೋದವೂ ಡೇಗೆಯ ಬೇಟೆಯೂ ಲಾವುಗೆಗಳ ಕಾಳಗವೂ ಸೇರಿವೆ. ಆದರೆ ವಾಸನೆ ಹಿಡಿದು, ಹಕ್ಕಿಯ ಮುಂದೆ ಕಲ್ಲಿನಂತೆ ನಿಂತುಬಿಡುವ ಪಾಯಿಂಟರ್, ಸೆಟರ್ ಎಂಬ ಜಾತಿಗಳು ಯುರೋಪದಲ್ಲಿ ಬೆಳೆದವು. ಆಂಗ್ಲರೊಡನೆ ನಮ್ಮ ದೇಶಕ್ಕೆ ಬಂದವು.

ಈ ನಿಲ್ಲುವಿಕೆಯ ಮರ್ಮವೇನು? ನಾಯಿಯ ಪೂರ್ವಜನು ತೋಳ. ಗಂಗಾವತಿ ತಾಲೂಕಿನ ಬಂಕಾಪುರದ ತೋಳಧಾಮದಲ್ಲಿ ಇಂದಿಗೂ ಆ ಕುಲವಿದೆ. ತೋಳವು ಬೇಟೆಯನ್ನು ಮೊದಲು ಅರಸುವದು, ಕಂಡ ಬಳಿಕ ಹೊಂಚುತ್ತ ಸಮೀಪಿಸುವದು, ಕ್ಷಣಹೊತ್ತು ನಿಂತು ನೆಗೆಯುವದು, ಹಿಡಿಯುವದು, ಕೊಲ್ಲುವದು. ಮನುಷ್ಯನು ನೂರಾರು ವರ್ಷ ತಳಿಗಳನ್ನು ಆರಿಸುತ್ತ ಬಂದು, ನೆಗೆತಕ್ಕೆ ಮುಂಚಿನ ಆ ಒಂದು ಕ್ಷಣವನ್ನು ದೀರ್ಘಗೊಳಿಸಿ, ಮುಂದಿನದನ್ನು ಅಡಗಿಸಿದನು. ಆದುದರಿಂದ ಪಾಯಿಂಟರ್ ನಾಯಿಯು ಗಾಳಿಗೆದುರಾಗಿ ಹೊಲವನ್ನು ಅಡ್ಡಡ್ಡಲಾಗಿ ಓಡುತ್ತ, ಹಕ್ಕಿಯ ವಾಸನೆ ಮೂಗಿಗೆ ತಾಗಿದೊಡನೆ ಮೂಗನ್ನು ಅತ್ತ ಚಾಚಿ, ಬಾಲವನ್ನು ನೆಟ್ಟಗೆ ಮಾಡಿ, ಎಷ್ಟೋ ವೇಳೆ ಒಂದು ಮುಂಗಾಲನ್ನೆತ್ತಿ ನಿಂತುಬಿಡುತ್ತದೆ. ಹಕ್ಕಿಯಾದರೋ ತನ್ನ ಬಣ್ಣವನ್ನೇ ನಂಬಿ ನೆಲಕ್ಕೆ ಅಂಟಿ ಕೂಡ್ರುವದು. ಬಂದೂಕು ಬರುವದಕ್ಕೆ ಮೊದಲು ಬೇಟೆಗಾರರು ಇಂಥ ಸಮಯದಲ್ಲಿ ಬಲೆಯನ್ನು ಎಳೆದು ಮುಚ್ಚುತ್ತಿದ್ದರು; ಬಲೆಯು ತನ್ನ ಮೇಲೆ ಹಾಯಲೆಂದು ಸೆಟರ್ ನಾಯಿಯು ಅಡ್ಡಬೀಳುವದನ್ನು ಕಲಿತಿತ್ತು.

ಉರುಳಿದ ಹಕ್ಕಿಯನ್ನು ತರುವದು ಇನ್ನೊಂದು ಜಾತಿಯ ಕೆಲಸ. ಅದಕ್ಕೆ ರಿಟ್ರೀವರ್ ಎಂದು ಹೆಸರು. ಗಾಯಗೊಂಡ ಹಕ್ಕಿಯು ಮುಳ್ಳಿನ ಪೊದೆಯಲ್ಲಿ ಸೇರಿ ನರಳಿ ಸಾಯಬಾರದೆಂಬದು ಸಭ್ಯ ಬೇಟೆಗಾರನ ನಿಯಮ. ಹಲ್ಲೂರದಂತೆ ಮೃದುವಾಗಿ ಕಚ್ಚಿ ತರುವದು ಆ ನಾಯಿಯ ನಿಯಮ. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಗಳಿಂದ ಹುಟ್ಟಿ, 1903ರಲ್ಲಿ ಇಂಗ್ಲಂಡದ ಕೆನಲ್ ಕ್ಲಬ್ಬಿನ ಮನ್ನಣೆ ಪಡೆದ ಲ್ಯಾಬ್ರಡಾರ್ ಈ ಜಾತಿಗೆ ಸೇರಿದುದು.

ನಮ್ಮ ಸೀಮೆಯಲ್ಲಿ ಈ ವಿಧಾನವು ಸುಲಭವಾದುದಲ್ಲ. ನಾಯಿಯು ಏದುಸಿರು ಬಿಡತೊಡಗಿದರೆ ಮೂಗಿನ ಕೆಲಸವು ಕುಂದುವದು. ಒಣಗಿ ಕಾದ ನೆಲದಲ್ಲಿ ವಾಸನೆಯೂ ನಿಲ್ಲದು. ಇಬ್ಬನಿ ಬಿದ್ದ ಚಳಿಗಾಲದ ಮುಂಜಾವಿನ ಕೆಲವು ತಾಸುಗಳೇ ಅದಕ್ಕೆ ಅನುಕೂಲವಾದ ಕಾಲ. ಲಾವುಗೆಯು ಅಡಗಿ ಕೂಡ್ರುವದರಿಂದ ನಾಯಿಗೆ ಒದಗುವದು. ಕೌಜುಗವಾದರೋ ರೆಕ್ಕೆಗಿಂತ ಕಾಲನ್ನು ಹೆಚ್ಚು ನಂಬಿದ ಹಕ್ಕಿ. ನಾಯಿ ನಿಂತ ಎಡೆಯಿಂದ ಅದು ಬದುವಿನ ಗುಂಟ ಓಡಿ ಆಚೆಯ ಹೊಲವನ್ನು ಸೇರಿರುತ್ತದೆ.

ಇಲ್ಲಿಯ ಹಕ್ಕಿಗಾರರು ನಾಯಿಗಿಂತ ಹಕ್ಕಿಯನ್ನೇ ನೆಚ್ಚಿದ್ದರು. ಪಂಜರದಲ್ಲಿ ಸಾಕಿದ ಗಂಡು ಕೌಜುಗವನ್ನು ಹೊಲದಲ್ಲಿಟ್ಟರೆ ಅದು ಕೂಗುವದು. ತನ್ನ ನೆಲೆಗೆ ಪರರು ಬಂದರೆಂದು ಕಾಡಿನ ಹಕ್ಕಿಯು ಕಾದಲು ಬಂದು ಉರುಲಿಗೆ ಸಿಕ್ಕುವದು. ಹರಣಶಿಕಾರಿ, ಪಾರ್ಧಿ ಮೊದಲಾದವರಿಗೆ ಈ ವಿದ್ಯೆಯು ಮನೆತನದಿಂದ ಬಂದುದು. ಶ್ರೀಮಂತರಿಗೆ ಬೇಟೆಯು ವಿನೋದವಾಗಿದ್ದರೆ ಇವರಿಗೆ ಅದು ಅಂದಿನ ಗಂಜಿ. ಆಂಗ್ಲ ಸರಕಾರವು 1871ರ ಕಾನೂನಿನಿಂದ ಇಂಥ ಅನೇಕ ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು; ಸ್ವತಂತ್ರ ಭಾರತವು 1952ರಲ್ಲಿ ಆ ಕಲಂಕವನ್ನು ಕಾಗದದಿಂದ ಅಳಿಸಿತು. ಜನರ ಮನಸ್ಸಿನಿಂದ ಅದು ಪೂರ್ತಿಯಾಗಿ ಅಳಿದಿಲ್ಲವೆಂಬದು ವಿಷಾದದ ಸಂಗತಿ.

ಇಂದು ಬೇಟೆಯು ವಿನೋದವೂ ಅಲ್ಲ, ಉಪಜೀವನವೂ ಅಲ್ಲ, ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಪರವಾನಿಗೆಯ ಬೇಟೆಯನ್ನು ನಿಲ್ಲಿಸಿದ 1991ರ ತಿದ್ದುಪಡಿಯೂ ಇದಕ್ಕೆ ಆಧಾರ. ಕೊಲ್ಲುವದಷ್ಟೇ ಅಲ್ಲ, ಉರುಲೊಡ್ಡುವದು, ಅಟ್ಟಿಸಿ ಹಿಡಿಯುವದು, ಕಾಡುಹಕ್ಕಿಯ ಮೊಟ್ಟೆಗೂಡುಗಳನ್ನು ಕೆಡಿಸುವದು ಕೂಡ ಕಾಯಿದೆಯ ಕಣ್ಣಿನಲ್ಲಿ ಬೇಟೆಯೇ. ಮನೆಯ ನಾಯಿಯನ್ನು ಕೌಜುಗದ ಮೇಲೆ ಛೂ ಬಿಡುವ ಯುವಕರು ಇದನ್ನು ತಿಳಿದಿರಬೇಕು. ಈ ಕಾಯಿದೆಯು ನ್ಯಾಯವಾದುದೆಂದೇ ನನ್ನ ಮತ. ಬದುಗಳನ್ನು ಕೆತ್ತಿ, ಹುಲ್ಲನ್ನು ಸುಟ್ಟು, ಪೊದೆಗಳನ್ನು ಕಡಿದು ನಾವು ಹಕ್ಕಿಯ ಮನೆಯನ್ನು ಕಿತ್ತುಕೊಂಡಮೇಲೆ, ಉಳಿದ ಹಕ್ಕಿಯ ಮೇಲೆ ಬಂದೂಕನ್ನೂ ಎತ್ತುವದು ಮನುಷ್ಯನಿಗೆ ಒಪ್ಪುವ ಮಾತಲ್ಲ.

ಆದರೆ ವಿದ್ಯೆಯು ಸಾಯಬೇಕಾಗಿಲ್ಲ. ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದ ಹ್ಯೂಮ್ ಸಾಹೇಬರು ಮಾರ್ಶಲ್ಲರೊಡನೆ ಕೂಡಿ ಭಾರತದ ಬೇಟೆಹಕ್ಕಿಗಳ ಮೇಲೆ 1879ರಿಂದ 1881ರ ವರೆಗೆ ಮೂರು ಸಂಪುಟಗಳನ್ನು ಹೊರಡಿಸಿದರು. ಮುಂದೆ ಅವರು ಶಾಕಾಹಾರಿಗಳಾಗಿ ಹಕ್ಕಿಗಳನ್ನು ಕೊಲ್ಲುವದನ್ನು ಬಿಟ್ಟರು. ಸಂಪುಟಗಳು ಮಾತ್ರ ಪಕ್ಷಿಶಾಸ್ತ್ರದ ಸೊತ್ತಾಗಿ ಉಳಿದವು. ನ್ಯೂಜಿಲಂಡಿನಲ್ಲಿ ರಿಚರ್ಡ್ ಹೆನ್ರಿ ಎಂಬವರು 1890ರ ದಶಕದಲ್ಲಿಯೇ ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ಸಹಾಯದಿಂದ ಹಾರಲಾರದ ಕಾಕಾಪೋ ಗಿಳಿಗಳನ್ನು ಹುಡುಕಿ, ಅವುಗಳನ್ನು ಸುರಕ್ಷಿತವಾದ ದ್ವೀಪಕ್ಕೆ ಸಾಗಿಸಿದರು. ಸ್ಕಾಟ್ಲಂಡದ ಬೆಟ್ಟಗಳಲ್ಲಿ ಗ್ರೌಸ್ ಎಂಬ ನೆಲಹಕ್ಕಿಗಳನ್ನು ಎಣಿಸುವದಕ್ಕೆ ಶಾಸ್ತ್ರಜ್ಞರು ಪಾಯಿಂಟರ್ ನಾಯಿಗಳನ್ನೇ ಒಯ್ಯುವರು. ಅಲ್ಲಿ ನಾಯಿ ನಿಲ್ಲುವದು, ಹಕ್ಕಿ ಏಳುವದು, ಲೆಕ್ಕ ಬರೆಯುವರು, ಹಕ್ಕಿ ಹಾರಿಹೋಗುವದು. ಇದು ಸರಮೆಯ ಮೂಲವೃತ್ತಿಯಲ್ಲದೆ ಮತ್ತೇನು? ಮಧ್ಯಪ್ರದೇಶದ ಪನ್ನಾ ಅರಣ್ಯದಲ್ಲಿ ಪಾರ್ಧಿ ತರುಣರು ಪ್ರವಾಸಿಗರಿಗೆ ಕಾಡನ್ನು ತೋರಿಸುವ ಮಾರ್ಗದರ್ಶಕರಾಗಿರುವರು. ನಮ್ಮ ಜಿಲ್ಲೆಯಲ್ಲಿಯೂ ಹಕ್ಕಿಯ ಹೆಜ್ಜೆ, ಕೂಗು, ಗೂಡುಗಳನ್ನು ಬಲ್ಲವರಿಗೆ ಗಣತಿಯ ಕೆಲಸವನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಟ್ಟರೆ, ಉರುಲಿನ ಜ್ಞಾನವು ಉರುಲಿಲ್ಲದೆ ಉಪಯೋಗಕ್ಕೆ ಬರುವದು.

ಗೃಹಸ್ಥರಿಗೂ ಎರಡು ಮಾತು ಹೇಳುವದುಂಟು. ಇತ್ತೀಚೆಗೆ ಕೊಪ್ಪಳ, ಗಂಗಾವತಿಗಳ ಮನೆಗಳಲ್ಲಿಯೂ ಲ್ಯಾಬ್ರಡಾರ್ ನಾಯಿಗಳು ಕಾಣಿಸುತ್ತವೆ. ಅದು ಚಪ್ಪಲಿಯನ್ನೋ ಮಗುವಿನ ಗೊಂಬೆಯನ್ನೋ ಕಚ್ಚಿ ತಂದರೆ ಬಡಿಯಬೇಡಿರಿ. ತರುವದು ಅದರ ಕುಲಧರ್ಮ. ಚೆಂಡನ್ನೆಸೆದು "ತಾ" ಎಂದು ಕಲಿಸಿರಿ; ಅದಕ್ಕಿಂತ ಮೊದಲು "ನಿಲ್ಲು" ಎಂದು ಕಲಿಸಿರಿ. ಬಿಸಿಲೇರುವ ಮುಂಚೆ ತಿರುಗಾಡಿಸಿರಿ. ಚೈತ್ರದಿಂದ ಭಾದ್ರಪದದ ವರೆಗೆ ಹೊಲದ ಹಕ್ಕಿಗಳು ಗೂಡು ಕಟ್ಟುವ ಕಾಲವಾದುದರಿಂದ, ಆಗ ಯಾವ ನಾಯಿಯನ್ನೇ ಆಗಲಿ ಬದುಗಳಲ್ಲಿ ಬಿಚ್ಚಿ ಬಿಡಬೇಡಿರಿ. ಹೊಲವುಳ್ಳವರು ಒಂದೆರಡು ಬದುವಿನ ಹುಲ್ಲನ್ನಾದರೂ ಸುಡದೆ ಉಳಿಸಿರಿ. ಗೆದ್ದಲು ತಿನ್ನುವ ಕೌಜುಗವು ಅದರ ಬಾಡಿಗೆಯನ್ನು ತೀರಿಸುವದು.

ಇನ್ನು ಮಕ್ಕಳಿಗೆ ಒಂದು ಪಾಠ. ವಾರಕ್ಕೊಂದು ದಿನ ಹೊತ್ತು ಮೂಡುವ ಮೊದಲು ಮಾಳಿಗೆಯನ್ನೇರಿ, ಎಷ್ಟು ದಿಕ್ಕಿನಿಂದ ಕೌಜುಗದ ಕೂಗು ಕೇಳಿಬರುವದೆಂದು ಎಣಿಸಿ, ತಿಥಿ ವಾರ ಸಹಿತ ಒಂದು ವಹಿಯಲ್ಲಿ ಬರೆದಿಡಲಿ. ಮರುವರ್ಷ ಅದೇ ಮಾಸದಲ್ಲಿ ಮತ್ತೆ ಎಣಿಸಲಿ. ಲೆಕ್ಕವು ಹೆಚ್ಚಿತೋ ಕಡಿಮೆಯಾಯಿತೋ ಎಂಬದನ್ನು ಅವರೇ ಊರಿನವರಿಗೆ ಹೇಳುವರು.