ಕರುಳಿನೊಳಗೆ ಏರಿ ಕಟ್ಟುವ ಕೋಶಗಳು

ನಾಲೆಯ ಏರಿ ಒಡೆದರೆ ಏನಾಗುತ್ತದೆಂದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆಯುವ ಭತ್ತ, ಕಬ್ಬಿನ ಬಯಲಿನಲ್ಲಿ ಕಿರುಗಾಲುವೆಯ ಏರಿ ಕುಸಿದರೆ ಅಕ್ಕಪಕ್ಕದ ಗದ್ದೆಯವರು ಗುದ್ದಲಿ ಹಿಡಿದು ಓಡಿ ಬರುತ್ತಾರೆ. ಮೊದಲು ಕೈಗೆ ಸಿಕ್ಕ ಮಣ್ಣು ಸುರಿದು ನೀರು ತಡೆಯುತ್ತಾರೆ. ಗಟ್ಟಿ ಏರಿ ಕಟ್ಟುವುದು ಆಮೇಲಿನ ಮಾತು. ನಮ್ಮ ಕರುಳಿನಲ್ಲಿ ಗಾಯವಾದಾಗ ನಡೆಯುವುದೂ ಇದೇ ಕ್ರಮ!

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಅದರ ಒಳಮೈಯ ಹೊದಿಕೆಯ ದಪ್ಪ ಮಾತ್ರ ಒಂದೇ ಒಂದು ಜೀವಕೋಶದಷ್ಟು. ಅದರ ಒಂದು ಬದಿಯಲ್ಲಿ ಆಹಾರ, ಜೀರ್ಣರಸ, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಬದಿಯಲ್ಲಿ ರಕ್ತನಾಳಗಳು. ಕಲುಷಿತ ನೀರಿನ ರೋಗಾಣುವೋ, ಆಸ್ಪಿರಿನ್‌ನಂಥ ಮಾತ್ರೆಯೋ ಈ ಹೊದಿಕೆಯನ್ನು ಹರಿದರೆ ಅಪಾಯ ತಪ್ಪಿದ್ದಲ್ಲ.

ಆಗ ಗಾಯದ ಅಂಚಿನ ಕೋಶಗಳು ಕಂಬದಂತಿದ್ದ ತಮ್ಮ ಆಕಾರ ಬಿಟ್ಟು ಚಪ್ಪಟೆಯಾಗುತ್ತವೆ. ಕೋಶದೊಳಗಿನ ಆಕ್ಟಿನ್ ಎಂಬ ಎಳೆಗಳು ಮುಂದಕ್ಕೆ ಬೆಳೆದು ಪಾದದಂಥ ಚಾಚುಗಳನ್ನು ಮಾಡುತ್ತವೆ. ಅವುಗಳ ಮೇಲೆ ತೆವಳುತ್ತಾ ಕೋಶಗಳು ಬರಿದಾದ ಜಾಗವನ್ನು ಮುಚ್ಚುತ್ತವೆ. ಸಣ್ಣ ಗಾಯವಾದರೆ ಕೆಲವೇ ಗಂಟೆಗಳ ಕೆಲಸ. ಹೊಸ ಕೋಶಗಳು ಹುಟ್ಟಿ ಹೊದಿಕೆ ಗಟ್ಟಿಯಾಗುವುದು ನಂತರ.

ಹಾಗಾದರೆ 'ಹೊರಡಿ' ಎಂದು ಕೂಗುವವರು ಯಾರು? ಸಂದೇಶ ಒಯ್ಯುವ ಪ್ರೋಟೀನುಗಳು. ಇವುಗಳಲ್ಲೊಂದು ಇ.ಜಿ.ಎಫ್. ಅಮೆರಿಕದ ಸ್ಟಾನ್ಲಿ ಕೋಹೆನ್ 1962ರಲ್ಲಿ ಇದನ್ನು ಇಲಿಯ ಜೊಲ್ಲುಗ್ರಂಥಿಯಿಂದ ಬೇರ್ಪಡಿಸಿದರು. ಇದನ್ನು ಕೊಟ್ಟ ಇಲಿಮರಿಗಳು ಬೇಗ ಕಣ್ಣು ತೆರೆದವು, ಬೇಗ ಹಲ್ಲು ಮೂಡಿಸಿಕೊಂಡವು. 1986ರಲ್ಲಿ ಕೋಹೆನ್‌ರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಬಂತು.

1993ರಲ್ಲಿ ಡಿಗ್ನಾಸ್ ಮತ್ತು ಪೊಡೋಲ್ಸ್ಕಿ ಇಲಿಯ ಕರುಳಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಬ್ಲೇಡಿನಿಂದ ಕೆರೆದು ನೋಡಿದರು. ಟಿ.ಜಿ.ಎಫ್.-ಬೀಟಾ ಎಂಬ ಪ್ರೋಟೀನು ಕೋಶಗಳ ಓಟವನ್ನು ಚುರುಕುಗೊಳಿಸಿತು. ಸ್ವಾರಸ್ಯವೆಂದರೆ, ಇದೇ ಪ್ರೋಟೀನು ಕೋಶವಿಭಜನೆಗೆ ತಡೆಯೊಡ್ಡುತ್ತದೆ. 'ಮೊದಲು ಬಿರುಕು ಮುಚ್ಚಿ, ಸಂತಾನ ಆಮೇಲೆ' ಎಂಬ ಹಿರಿಯರ ಆಜ್ಞೆಯಂತೆ!

ಅಂದಮೇಲೆ ಇಂಥ ಪ್ರೋಟೀನನ್ನೇ ಔಷಧವಾಗಿ ನುಂಗಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಜಾಣ ಪ್ರಶ್ನೆ. ಆದರೆ ಬೆಳವಣಿಗೆಯ ಸಂದೇಶಗಳು ಹದ ತಪ್ಪಿದರೆ ಕ್ಯಾನ್ಸರ್ ಕೋಶಗಳೂ ಅವುಗಳ ಲಾಭ ಪಡೆಯುತ್ತವೆ. ಏರಿಗೆ ಬೇಕಾದ ನೀರೇ ಮಿತಿಮೀರಿದರೆ ಏರಿಯನ್ನು ಕೊಚ್ಚುವುದಿಲ್ಲವೇ?

ತಾಯಿ ತಂದೆಯರಿಗೂ ಇದರಲ್ಲಿ ಪಾಠವಿದೆ. ತಾಯಿಯ ಹಾಲಿನಲ್ಲಿ, ಅದರಲ್ಲೂ ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲಿನಲ್ಲಿ, ಇ.ಜಿ.ಎಫ್. ಹೇರಳ. ಅದನ್ನು ಹಿಂಡಿ ಚೆಲ್ಲುವುದು ಮಗುವಿಗೆ ಮಾಡುವ ನಷ್ಟ. ಮೈಕೈ ನೋವೆಂದು ಅಂಗಡಿಯಿಂದ ತಂದ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದಿನವೂ ನುಂಗಿದರೆ ಗಾಯ ಮಾಯುವ ಕೆಲಸಕ್ಕೆ ಅಡ್ಡಿ. ಭೇದಿಯಾದ ಮಗುವಿಗೆ ಓ.ಆರ್.ಎಸ್. ದ್ರಾವಣ ಕುಡಿಸುತ್ತಾ ಊಟ ನಿಲ್ಲಿಸದಿರುವುದು ಜಾಣತನ. ಮಗು ಸೋತು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಏರಿ ಕಟ್ಟುವ ಕೆಲಸ ಕೋಶಗಳದು. ಕಟ್ಟಲು ಬಿಡುವುದು ನಮ್ಮದು.